ಮಾಮೀ ನದಿಯ ವಾಲೈ: ಗಾಳ ಬಾಯಿಗೇ ಸಿಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಈಗ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಬಳಿ ವಾಸವಾಗಿದ್ದೇನೆ. ಚಿಕ್ಕಂದಿನಿಂದ ಗಾಳ ಹಾಕಿ ಅಭ್ಯಾಸವಿದೆ. ಕಳೆದ ಏಪ್ರಿಲ್ ಆರಂಭದಲ್ಲಿ ಒಹಾಯೊದ ಮಾಮೀ ನದಿಗೆ ವಾಲೈ ಮೀನು ಹಿಡಿಯಲು ಹೋಗಿದ್ದೆ. ಅಕ್ಕಪಕ್ಕದವರಿಗೆ ಒಂದರ ಹಿಂದೊಂದು ಮೀನು ಸಿಗುತ್ತಿತ್ತು. ನನಗೆ ಸಿಕ್ಕ ಕೆಲವಕ್ಕೂ ಗಾಳ ಹೊಟ್ಟೆಗೋ ಬೆನ್ನಿಗೋ ಚುಚ್ಚಿಕೊಂಡಿದ್ದರಿಂದ ನಿಯಮದಂತೆ ಬಿಟ್ಟುಬಿಡಬೇಕಾಯಿತು. ರಬ್ಬರ್ ಹುಳುವಿನ ಬಣ್ಣವನ್ನು ಎಷ್ಟು ಬದಲಿಸಿದರೂ ಪ್ರಯೋಜನವಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಮುಂದಿನ ವಸಂತದಲ್ಲಿ ಯಾವಾಗ ಹೋಗುವುದು ಒಳ್ಳೆಯದು?

ಉತ್ತರ: ಗಾಳವು ಹೊಟ್ಟೆಗೂ ಬೆನ್ನಿಗೂ ಚುಚ್ಚಿಕೊಳ್ಳುತ್ತಿತ್ತು ಎಂದರೆ ನೀವು ನಿಂತ ಜಾಗ ಸರಿಯಾಗಿಯೇ ಇತ್ತು, ಮೀನೂ ನಿಮ್ಮ ಎದುರಿಗೇ ಇತ್ತು. ಕೆಟ್ಟದ್ದು ಗಾಳ ತಳದಲ್ಲಿ ಸಾಗಿದ ರೀತಿ. ಅದು ಹರಿವಿನೊಂದಿಗೆ ತೇಲಿ ಬರುವ ಬದಲು ಉದ್ದನೆಯ ದಾರದ ತುದಿಯಲ್ಲಿ ನದಿಗೆ ಅಡ್ಡಲಾಗಿ ಬೀಸಿಕೊಂಡು ಬರುತ್ತಿತ್ತು. ತಳದ ಕಲ್ಲು ತಗುಲಿದಾಗಲೆಲ್ಲ ನೀವು ರಾಡನ್ನು ಜೋರಾಗಿ ಜಗ್ಗುತ್ತಲೂ ಇದ್ದಿರಿ ಎಂದು ಊಹಿಸುತ್ತೇನೆ. ಬಣ್ಣವನ್ನು ಸದ್ಯಕ್ಕೆ ಮರೆತುಬಿಡಿ. ಮಾಮೀ ದಂಡೆಯ ಅಂಗಡಿಗಳಲ್ಲಿ ನಡೆಯುವ ಬಣ್ಣದ ಚರ್ಚೆಯಿಂದ ಅಂಗಡಿಯವರಿಗಾಗುವಷ್ಟು ಲಾಭ ಗಾಳ ಹಾಕುವವರಿಗೆ ಆಗುವುದಿಲ್ಲ.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ತಿಳಿಯಲು ಆ ಮೀನು ಅಲ್ಲಿಗೆ ಯಾಕೆ ಬಂದಿದೆ ಎಂಬುದನ್ನು ನೋಡಬೇಕು. ವಾಲೈ ಪರ್ಚ್ ಕುಟುಂಬದ ಮೀನು, ಉತ್ತರ ಅಮೆರಿಕದಲ್ಲಿ ಆ ಕುಟುಂಬದ ಅತಿ ದೊಡ್ಡ ಸದಸ್ಯ. ಈರಿ ಸರೋವರದ ವಾಲೈಗಳಲ್ಲಿ ಕೆಲವು ಸರೋವರದ ಪಶ್ಚಿಮ ಭಾಗದಲ್ಲಿರುವ ಕಲ್ಲುದಿಬ್ಬಗಳ ಮೇಲೆಯೇ ಮೊಟ್ಟೆಯಿಟ್ಟರೆ, ಇನ್ನು ಕೆಲವು ಮಾಮೀ, ಸ್ಯಾಂಡಸ್ಕಿ ಮತ್ತು ಡೆಟ್ರಾಯಿಟ್ ನದಿಗಳನ್ನು ಏರುತ್ತವೆ. ನಿಮ್ಮ ಊರಿನ ಕಡೆ ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನನ್ನು ನೀವು ಬಲ್ಲಿರಿ. ಇದೂ ಅದೇ ಬಗೆಯ ಏರಿಕೆ, ಆದರೆ ಇಲ್ಲಿ ಮೀನನ್ನು ಎಬ್ಬಿಸುವುದು ಮಳೆಯ ಹೊಸನೀರಿಗಿಂತ ಮುಖ್ಯವಾಗಿ ನೀರಿನ ಉಷ್ಣತೆ. ಹಿಮ ಕರಗಿ ನೀರು 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮೊದಲು ಗಂಡುಗಳು ನದಿಯನ್ನು ಸೇರುತ್ತವೆ. ಮೊಟ್ಟೆಯಿಡುವ ಕ್ರಿಯೆ ಹೆಚ್ಚಾಗಿ 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ನಡುವೆ ನಡೆಯುತ್ತದೆ. ಗಂಡುಗಳು ವಾರಗಟ್ಟಲೆ ಅಲ್ಲಿಯೇ ಉಳಿದರೆ, ಗಾತ್ರದಲ್ಲಿ ದೊಡ್ಡದಾದ ಹೆಣ್ಣುಗಳು ಬಂದು ಮೊಟ್ಟೆ ಚೆಲ್ಲಿ ಬೇಗನೆ ಸರೋವರಕ್ಕೆ ಹಿಂದಿರುಗುತ್ತವೆ. ನೀವು ನೋಡಿದ ಮೀನುಗಳಲ್ಲಿ ಬಹುಪಾಲು ಗಂಡುಗಳೇ ಆಗಿದ್ದಿರಬೇಕು.

ಮೊಟ್ಟೆಯಿಡುವ ಕೆಲಸ ಬಹುತೇಕ ರಾತ್ರಿಯದು. ಹೆಣ್ಣಿನ ಇಕ್ಕೆಲದಲ್ಲಿ ಹಲವು ಗಂಡುಗಳು ಸೇರಿ, ಸಣ್ಣ ಹರಳುಕಲ್ಲುಗಳು ಹರಡಿರುವ ತೆಳುನೀರಿಗೆ ಏರಿ ಬರುತ್ತವೆ. ಗೂಡು ಕಟ್ಟುವುದಾಗಲಿ ಮರಿಗಳನ್ನು ಕಾಯುವುದಾಗಲಿ ಇಲ್ಲ, ಮೊಟ್ಟೆಗಳು ಕಲ್ಲಿನ ಸಂದಿಗಳಿಗೆ ಬಿದ್ದು ತಮ್ಮ ಪಾಡಿಗೆ ಎರಡು ಮೂರು ವಾರಗಳೊಳಗೆ ಒಡೆಯುತ್ತವೆ, ಮರಿಗಳು ಹರಿವಿನೊಂದಿಗೆ ಸರೋವರಕ್ಕೆ ಇಳಿದುಹೋಗುತ್ತವೆ. ಹಗಲಿನಲ್ಲಿ ಅದೇ ದೊಡ್ಡ ಮೀನುಗಳು ಸ್ವಲ್ಪ ಆಳದ ತಗ್ಗಿಗೆ, ಬಂಡೆಯ ಹಿಂಬದಿಗೆ, ಜೋರಾದ ಹರಿವು ನಿಧಾನಗತಿಯ ನೀರನ್ನು ಸಂಧಿಸುವ ಅಂಚಿಗೆ ಸರಿದು, ತಳಕ್ಕೆ ಹತ್ತಿಕೊಂಡು, ಹರಿವಿಗೆ ಎದುರಾಗಿ ತಲೆಯಿಟ್ಟು ನಿಲ್ಲುತ್ತವೆ. ಈ ಸಮಯದಲ್ಲಿ ಅವು ಆಹಾರವನ್ನು ಅಟ್ಟಿಕೊಂಡು ಹೋಗುವುದು ಕಡಿಮೆ. ಮೂತಿಯ ಮುಂದೆ ಬಂದದ್ದನ್ನು ಮಾತ್ರ, ಹಸಿವಿನಿಂದಲೋ ಕಿರಿಕಿರಿಯಿಂದಲೋ, ಕಚ್ಚುತ್ತವೆ.

ಮೀನಿನ ತಲೆ ಹರಿವಿಗೆ ಎದುರಾಗಿದೆ ಎಂಬ ಈ ಒಂದು ಸಂಗತಿಯಲ್ಲಿ ನಿಮ್ಮ ಸಮಸ್ಯೆಯ ಬಹುಪಾಲು ಅಡಗಿದೆ. ಗಾಳವು ನೀರಿನ ವೇಗದಲ್ಲಿಯೇ ಮೇಲಿನಿಂದ ತೇಲಿ ಬಂದರೆ ಅದು ಮೊದಲು ಮುಟ್ಟುವುದು ಮೂತಿಯನ್ನು. ಅದೇ ಗಾಳ ಬಿಗಿಯಾದ ದಾರದ ತುದಿಯಲ್ಲಿ ಅಡ್ಡಲಾಗಿ ಎಳೆದುಕೊಂಡು ಬಂದರೆ ಮೊದಲು ದಾರ ಮೀನಿನ ಪಕ್ಕೆಗೆ ತಾಗುತ್ತದೆ, ಆಮೇಲೆ ದಾರ ಮೈಮೇಲೆ ಜಾರುತ್ತಾ ಹೋಗಿ ಗಾಳ ರೆಕ್ಕೆಯ ಬುಡಕ್ಕೋ ಹೊಟ್ಟೆಗೋ ಸಿಕ್ಕಿಕೊಳ್ಳುತ್ತದೆ. ಮೀನು ದಟ್ಟವಾಗಿರುವ ಏಪ್ರಿಲ್ ಮೊದಲ ವಾರಗಳಲ್ಲಿ ಇದು ಇನ್ನೂ ಹೆಚ್ಚು.

ಸಲಕರಣೆಯಲ್ಲಿ ಬದಲಿಸಬೇಕಾದದ್ದು ಹೆಚ್ಚೇನಿಲ್ಲ. ಆರೂವರೆಯಿಂದ ಏಳು ಅಡಿಯ ಮಧ್ಯಮ ಬಿರುಸಿನ ರಾಡ್, ಸಾಧಾರಣ ಸ್ಪಿನ್ನಿಂಗ್ ರೀಲ್, 10 ಪೌಂಡ್ ಭಾರ ತಡೆಯುವ ದಾರ ಸಾಕು. ಅಲ್ಲಿ ಎಲ್ಲರೂ ಬಳಸುವುದು ಕೆರೊಲೈನಾ ರಿಗ್: ಮುಖ್ಯ ದಾರದಲ್ಲಿ ಸರಿದಾಡುವ ಸೀಸದ ಗುಂಡು, ಅದರ ಕೆಳಗೆ ಒಂದು ಮಣಿ, ಒಂದು ಸ್ವಿವೆಲ್ (ದಾರ ತಿರುಚಿಕೊಳ್ಳದಂತೆ ತಿರುಗುವ ಲೋಹದ ಕೊಂಡಿ), ಸ್ವಿವೆಲ್‌ನಿಂದ ಮುಂದಕ್ಕೆ ಸ್ವಲ್ಪ ತೆಳುವಾದ ಲೀಡರ್ ದಾರ, ತುದಿಯಲ್ಲಿ ನೀರಿನಲ್ಲಿ ತೇಲುವ ಜಿಗ್ ಹೆಡ್ (ಗಾಳ ಹುದುಗಿಸಿದ ಗುಂಡುತಲೆ) ಮತ್ತು ಅದಕ್ಕೆ ಪೋಣಿಸಿದ ಸುರುಳಿಬಾಲದ ರಬ್ಬರ್ ಹುಳು. ಗುಂಡು ತಳವನ್ನು ಹಿಡಿದಿರುತ್ತದೆ, ತೇಲುವ ಜಿಗ್ ಅದರ ಹಿಂದೆ ತಳದಿಂದ ಕೆಲವೇ ಅಂಗುಲ ಮೇಲೆ ಬರುತ್ತದೆ. ನಿಮ್ಮ ಲೀಡರ್ ಎಷ್ಟು ಉದ್ದವಿತ್ತು ಎಂಬುದನ್ನು ನೀವು ಬರೆದಿಲ್ಲ. ಮೂರು ನಾಲ್ಕು ಅಡಿ ಇದ್ದಿದ್ದರೆ ಅದನ್ನು ಒಂದೂವರೆಯಿಂದ ಎರಡು ಅಡಿಗೆ ಇಳಿಸಿ. ಉದ್ದನೆಯ ಲೀಡರ್ ನೀರು ತಿಳಿಯಾಗಿರುವಾಗ ಸ್ವಲ್ಪ ಅನುಕೂಲವೇ ಹೌದು, ಆದರೆ ಮೀನು ಒತ್ತೊತ್ತಾಗಿ ನಿಂತಿರುವಾಗ ಅದು ಗಾಳಕ್ಕಿಂತ ಮೊದಲು ಮೀನಿನ ಮೈಯನ್ನು ಹುಡುಕುತ್ತದೆ.

ಗುಂಡಿನ ಭಾರವನ್ನು ಮಾತ್ರ ಅಳೆದು ತೂಗಿ ಆರಿಸಬೇಕು. ಕಾಲು ಔನ್ಸಿನಿಂದ ಮುಕ್ಕಾಲು ಔನ್ಸಿನವರೆಗೆ, ಅಂದರೆ ಸುಮಾರು 7ರಿಂದ 21 ಗ್ರಾಂವರೆಗಿನ ಗುಂಡುಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಸರಿಯಾದ ಭಾರವೆಂದರೆ ಗುಂಡು ಕ್ಷಣಕ್ಕೊಮ್ಮೆ ತಳವನ್ನು ತಟ್ಟಿ ಮತ್ತೆ ಹಗುರಾಗಿ ಎದ್ದು ಮುಂದೆ ಸಾಗುವಷ್ಟು. ರಾಡಿನ ತುದಿಯಲ್ಲಿ ಅದು ಟಕ್, ಟಕ್ ಎಂದು ತಿಳಿಯುತ್ತದೆ. ಗುಂಡು ಒಂದೇ ಕಡೆ ಕೂತುಬಿಟ್ಟರೆ ಭಾರ ಹೆಚ್ಚಾಯಿತು. ಆಗ ಹರಿವು ದಾರವನ್ನು ಬಿಲ್ಲಿನಂತೆ ಬಾಗಿಸಿ, ಕೊನೆಗೆ ಗುಂಡನ್ನು ಕಿತ್ತು ಅಡ್ಡಲಾಗಿ ಎಳೆಯುತ್ತದೆ. ಏನೂ ತಟ್ಟದಿದ್ದರೆ ಭಾರ ಕಡಿಮೆಯಾಯಿತು, ಗಾಳ ಮೀನಿನ ತಲೆಯ ಮೇಲೆ ಹಾದುಹೋಗುತ್ತಿದೆ. ಪಕ್ಕದವರ ಗುಂಡಿನ ಭಾರವನ್ನು ಕೇಳಿ ಅದನ್ನೇ ಕಟ್ಟುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಹತ್ತು ಮಾರು ಆಚೆ ನಿಂತವರ ಮುಂದಿನ ಹರಿವು ನಿಮ್ಮ ಮುಂದಿನ ಹರಿವಿನಂತಿರುವುದಿಲ್ಲ.

ಈಗ ಬೀಸುವ ಕ್ರಮ. ಹೊಳೆಗೆ ನೇರವಾಗಿ ಅಡ್ಡಲಾಗಿ, ಇಲ್ಲವೇ ಸ್ವಲ್ಪ ಹರಿವಿನ ಮೇಲ್ದಿಕ್ಕಿಗೆ ಬೀಸಿ. ಗುಂಡು ತಳ ಮುಟ್ಟುವವರೆಗೆ ಕಾಯಿರಿ. ನಂತರ ರಾಡನ್ನು ಗಡಿಯಾರದ ಹತ್ತರ ಮುಳ್ಳಿನಷ್ಟು ಎತ್ತರಕ್ಕೆ ಹಿಡಿದು, ಗಾಳ ಕೆಳಗೆ ಸಾಗಿದಂತೆ ರಾಡಿನ ತುದಿಯನ್ನೂ ಅದರ ಜೊತೆಗೇ ತಿರುಗಿಸುತ್ತಾ ಹೋಗಿ. ರೀಲ್ ಸುತ್ತುವುದು ಸಡಿಲವಾದ ದಾರವನ್ನು ಒಳಗೆ ತೆಗೆದುಕೊಳ್ಳಲು ಮಾತ್ರ, ಗಾಳವನ್ನು ಎಳೆಯಲು ಅಲ್ಲ. ದಾರ ಪೂರ್ತಿ ಸಡಿಲವಾದರೆ ಕಚ್ಚಿದ್ದು ತಿಳಿಯುವುದಿಲ್ಲ, ಪೂರ್ತಿ ಬಿಗಿಯಾದರೆ ಗಾಳ ಬೀಸತೊಡಗುತ್ತದೆ. ಇವೆರಡರ ನಡುವಿನ ಹದ ಕೈಗೆ ಬರಲು ಒಂದು ಬೆಳಗ್ಗೆ ಬೇಕಾಗಬಹುದು. ದಾರ ನಿಮ್ಮಿಂದ ನೇರವಾಗಿ ಹರಿವಿನ ಕೆಳದಿಕ್ಕಿಗೆ ಬಂದಾಗ ಆ ಬೀಸು ಮುಗಿಯಿತೆಂದು ತಿಳಿಯಿರಿ. ಇಲ್ಲಿಯೇ ಹೆಚ್ಚಿನವರು ಎಡವುವುದು: ಗಾಳವನ್ನು ತಳದಲ್ಲಿಯೇ ಬಿಟ್ಟು, ಹರಿವಿಗೆ ಎದುರಾಗಿ ವೇಗವಾಗಿ ಸುತ್ತುತ್ತಾರೆ, ಅಂದರೆ ಸಾಲಾಗಿ ನಿಂತ ಮೀನುಗಳ ಹಿಂದಿನಿಂದ ಮುಂದಕ್ಕೆ ಒಂದು ಕೊಕ್ಕೆಯನ್ನು ಎಳೆಯುತ್ತಾರೆ. ಹಾಗೆ ಮಾಡದೆ ಮೊದಲು ರಾಡನ್ನು ಮೇಲೆತ್ತಿ ಗಾಳವನ್ನು ನೀರಿನ ಮೇಲ್ಭಾಗಕ್ಕೆ ತಂದು, ಆಮೇಲೆ ಸುತ್ತಿಕೊಳ್ಳಿ. ಮೈಗೆ ಚುಚ್ಚಿಕೊಳ್ಳುವುದು ಇಷ್ಟರಿಂದಲೇ ಗಣನೀಯವಾಗಿ ತಗ್ಗುತ್ತದೆ.

ವಾಲೈ ಕಚ್ಚುವುದು ಜೋರಾದ ಎಳೆತದಂತಿರುವುದಿಲ್ಲ. ಟಕ್ ಟಕ್ ಎಂಬ ತಟ್ಟುವಿಕೆ ನಿಂತು ದಾರಕ್ಕೆ ಏನೋ ಮೆತ್ತನೆಯ ಭಾರ ಬಂದಂತೆ ಆಗುತ್ತದೆ, ಕೆಲವೊಮ್ಮೆ ದಾರ ಸಾಗುವುದು ಸುಮ್ಮನೆ ನಿಲ್ಲುತ್ತದೆ. ಆಗ ರಾಡನ್ನು ಹರಿವಿನ ಕೆಳದಿಕ್ಕಿಗೆ, ದಂಡೆಯ ಕಡೆಗೆ, ಸ್ಥಿರವಾಗಿ ಒಂದು ಮೊಳದಷ್ಟು ಸರಿಸಿದರೆ ಸಾಕು. ಗಾಳ ಹರಿತವಾಗಿದ್ದರೆ ದವಡೆಯ ಮೂಲೆಗೆ ಇಳಿಯುತ್ತದೆ. ಕಲ್ಲಿಗೆ ತಾಗಿ ತಾಗಿ ತುದಿ ಮೊಂಡಾಗುವುದರಿಂದ ಗಾಳವನ್ನು ಆಗಾಗ ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಬದಲಿಸಿ. ಮಾಮೀಯಲ್ಲಿ ಗಾಳ, ಗುಂಡುಗಳನ್ನು ಕಲ್ಲಿಗೆ ಕಳೆದುಕೊಳ್ಳುವುದು ಸಾಮಾನ್ಯ. ಏನನ್ನೂ ಕಳೆದುಕೊಳ್ಳದವರ ಗಾಳ ತಳಕ್ಕೆ ಇಳಿಯುತ್ತಲೇ ಇಲ್ಲ ಎಂದು ನಾನು ಭಾವಿಸುತ್ತೇನೆ.

ನೀರು ಕಡಿಮೆಯಾಗಿ ತಿಳಿಯಾಗಿರುವ ದಿನಗಳಲ್ಲಿ ಈ ರಿಗ್ ಬೇಡ. ಎಂಟನೇ ಒಂದು ಅಥವಾ ಕಾಲು ಔನ್ಸಿನ ಸೀಸದ ಜಿಗ್ ಹೆಡ್ ಅನ್ನು ನೇರವಾಗಿ ದಾರಕ್ಕೆ ಕಟ್ಟಿ, ಅದೇ ರಬ್ಬರ್ ಹುಳು ಹಾಕಿ, ಹರಿವಿನೊಂದಿಗೆ ಬಿಡಿ. ಬಣ್ಣಕ್ಕೆ ಅಲ್ಪ ಮಹತ್ವ ಬರುವುದು ಇಲ್ಲಿ: ಕಲಕಿದ ನೀರಿನಲ್ಲಿ ಗಿಣಿಹಸಿರು, ಕಿತ್ತಳೆಯಂಥ ಕಣ್ಣಿಗೆ ರಾಚುವ ಬಣ್ಣ, ತಿಳಿನೀರಿನಲ್ಲಿ ಬಿಳಿ ಅಥವಾ ಮಾಸಲು ಬಣ್ಣ. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ನನ್ನಲ್ಲಿ ಆಧಾರವಿಲ್ಲ.

ಯಾವಾಗ ಹೋಗಬೇಕು ಎಂಬುದಕ್ಕೆ ಕ್ಯಾಲೆಂಡರನ್ನು ನೋಡಿದರೆ ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ನಡುವಿನವರೆಗೆ ಎನ್ನಬಹುದು, ಆದರೆ ನದಿ ಕ್ಯಾಲೆಂಡರ್ ನೋಡುವುದಿಲ್ಲ. ಈರಿಯೂ ಸೇರಿದಂತೆ ಐದು ಮಹಾಸರೋವರಗಳಾದ ಗ್ರೇಟ್ ಲೇಕ್ಸ್‌ಗೆ ಸೇರುವ ನದಿಗಳಲ್ಲಿ ಅತಿ ವಿಶಾಲವಾದ ಜಲಾನಯನ ಪ್ರದೇಶ ಮಾಮೀಯದು. ಇಂಡಿಯಾನಾದ ಫೋರ್ಟ್ ವೇನ್‌ನಿಂದ ಟೊಲಿಡೊವರೆಗೆ ಅದು ಹರಿಯುವ ಬಯಲಿನಲ್ಲಿ ದೊಡ್ಡ ಭಾಗ ಹಿಂದೆ ಜೌಗುನಾಡಾಗಿತ್ತು, ಈಗ ನೆಲದಡಿಯ ಕೊಳವೆಗಳಿಂದ ನೀರು ಬಸಿಸಿದ ಮೆಕ್ಕೆಜೋಳ ಮತ್ತು ಸೋಯಾ ಹೊಲ. ಹೀಗಾಗಿ ಇಂಡಿಯಾನಾದಲ್ಲಿ ಒಂದು ರಾತ್ರಿ ಚೆನ್ನಾಗಿ ಮಳೆ ಸುರಿದರೆ ಆ ನೀರು ಮಣ್ಣಿನೊಂದಿಗೆ ಬಹು ಬೇಗ ನದಿಗೆ ಇಳಿಯುತ್ತದೆ, ನೀವು ನಿಂತಿದ್ದ ಜಾಗ ಒಂದೆರಡು ದಿನಗಳಲ್ಲಿ ಕಾಲಿಡಲಾಗದ ಕೆಂಚು ಪ್ರವಾಹವಾಗುತ್ತದೆ. ಆದ್ದರಿಂದ ಹೊರಡುವ ಮುನ್ನ ವಾಟರ್‌ವಿಲ್‌ನಲ್ಲಿ ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಇಟ್ಟಿರುವ ನೀರಿನ ಮಾಪಕದ ನಕ್ಷೆಯನ್ನು ಅಂತರ್ಜಾಲದಲ್ಲಿ ನೋಡಿ. ಅಂದಿನ ಮಟ್ಟಕ್ಕಿಂತ ಗೆರೆಯ ದಿಕ್ಕು ಮುಖ್ಯ. ಗೆರೆ ಏರುತ್ತಿದ್ದರೆ ಹೋಗಬೇಡಿ. ಏರಿ, ಇಳಿಯತೊಡಗಿ, ನೀರು 45ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇದ್ದರೆ, ವಾರದ ನಡುವಿನ ದಿನವಾದರೂ ರಜೆ ಹಾಕಿ ಹೋಗಬಹುದು. ಏರಿದ ನೀರು ಹೊಸ ಮೀನುಗಳನ್ನು ಒಳಗೆ ಕರೆತಂದಿರುತ್ತದೆ, ಇಳಿಯುವ ನೀರು ಅವನ್ನು ಗಾಳದ ಅಳವಿಗೆ ತಂದುಕೊಡುತ್ತದೆ. ಒಹಾಯೊದ ವನ್ಯಜೀವಿ ವಿಭಾಗವೂ ಋತುವಿನಲ್ಲಿ ನೀರಿನ ಉಷ್ಣತೆ, ಮಟ್ಟಗಳ ವರದಿ ಕೊಡುತ್ತದೆ.

ದಿನದೊಳಗೆ ಬೆಳಗಿನ ಮತ್ತು ಸಂಜೆಯ ಮಂದ ಬೆಳಕು ಉತ್ತಮ, ಮೋಡ ಕವಿದ ದಿನವಂತೂ ಇನ್ನೂ ಉತ್ತಮ. ವಾಲೈಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುವ ಒಂದು ಪದರವಿದೆ. ಅದರಿಂದಾಗಿ ಮಬ್ಬಿನಲ್ಲಿಯೂ ಕಲಕುನೀರಿನಲ್ಲಿಯೂ ಅದು ಇತರ ಮೀನುಗಳಿಗಿಂತ ಚೆನ್ನಾಗಿ ಕಾಣಬಲ್ಲದು. ಹಾಗೆಂದು ಕತ್ತಲಾದ ಮೇಲೂ ನಿಲ್ಲುವಂತಿಲ್ಲ. ಮಾರ್ಚ್ 1ರಿಂದ ಮೇ 1ರವರೆಗೆ ಮಾಮೀ ಮತ್ತು ಸ್ಯಾಂಡಸ್ಕಿ ನದಿಗಳ ಏರಿಕೆಯ ಭಾಗಗಳಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಗಾಳ ಹಾಕಬಹುದು. ಗಾಳ ಒಂಟಿ ಮೊನೆಯದಾಗಿರಬೇಕು, ದಂಡದಿಂದ ಮೊನೆಯವರೆಗಿನ ಅಂತರ ಅರ್ಧ ಅಂಗುಲ ಮೀರಬಾರದು. ಬಾಯಿಯೊಳಗೆ ಗಾಳ ಸಿಕ್ಕದ ಮೀನನ್ನು ಬಿಡಲೇಬೇಕು, 15 ಅಂಗುಲಕ್ಕಿಂತ ಚಿಕ್ಕದನ್ನೂ ಬಿಡಬೇಕು. ದಿನದ ಮಿತಿ ಈಚಿನ ವರ್ಷಗಳಲ್ಲಿ ಆರು ಮೀನು. ಈ ಸಂಖ್ಯೆಗಳು ಬದಲಾಗಬಹುದಾದ್ದರಿಂದ ಆ ವರ್ಷದ ನಿಯಮ ಪುಸ್ತಿಕೆಯನ್ನು ಓದಿಕೊಂಡೇ ಹೋಗಿ. ನಿಮ್ಮ ಮಿಶಿಗನ್ ಲೈಸೆನ್ಸ್ ಮಾಮೀಯಲ್ಲಿ ನಡೆಯುವುದಿಲ್ಲ ಎಂಬುದು ನಿಮಗೆ ತಿಳಿದೇ ಇರಬೇಕು. ಹೊರರಾಜ್ಯದವರಿಗೆ ಒಂದು ದಿನದ, ಮೂರು ದಿನಗಳ ಮತ್ತು ವರ್ಷದ ಲೈಸೆನ್ಸ್‌ಗಳಿವೆ, ಜನವರಿಯಿಂದ ಏಪ್ರಿಲ್ ಕೊನೆಯವರೆಗೆ ಈರಿ ವಲಯದ ಹೆಚ್ಚುವರಿ ಪರವಾನಗಿಯನ್ನೂ ಕೇಳುತ್ತಾರೆ. ಕೊಳ್ಳುವಾಗಲೇ ವಿಚಾರಿಸಿ.

ಜಾಗದ ವಿಚಾರದಲ್ಲಿ, ಪೆರಿಸ್‌ಬರ್ಗ್ ಮತ್ತು ಮಾಮೀ ಪಟ್ಟಣಗಳಿಂದ ಮೇಲಕ್ಕೆ ವಾಟರ್‌ವಿಲ್‌ವರೆಗಿನ ಸುಣ್ಣಕಲ್ಲಿನ ತಳದ ಭಾಗವೇ ಈ ಮೀನುಗಾರಿಕೆಯ ಹೃದಯಭಾಗ. ನೀರು ಕಡಿಮೆ ಇರುವಾಗ ಸೈಡ್ ಕಟ್ ಪಾರ್ಕ್‌ನ ಬ್ಲೂಗ್ರಾಸ್ ದ್ವೀಪದ ಸುತ್ತ ಜನ ಹೆಗಲಿಗೆ ಹೆಗಲು ತಾಗುವಂತೆ ನಿಲ್ಲುತ್ತಾರೆ. ನೀರು ಹೆಚ್ಚಿರುವಾಗ ಪೆರಿಸ್‌ಬರ್ಗ್‌ನ ಓರ್ಲಿಯನ್ಸ್ ಪಾರ್ಕ್ ಮತ್ತು ಫೋರ್ಟ್ ಮೆಗ್ಸ್ ಬದಿಯಲ್ಲಿ ದಂಡೆಗೆ ಹತ್ತಿರವೇ ಮೀನು ಸರಿಯುತ್ತದೆ. ಹೊಸಬರು ದೂರಕ್ಕೆ ಬೀಸಿ ಬೀಸಿ ಸುಸ್ತಾಗುವುದು ಇಂಥ ದಿನಗಳಲ್ಲಿಯೇ. ಏರಿದ ನೀರಿನಲ್ಲಿ ಮೀನು ನದಿಯ ನಡುವಿನ ಸೆಳೆತವನ್ನು ತಪ್ಪಿಸಿ ಅಂಚಿನ ನಿಧಾನನೀರನ್ನು ಹಿಡಿದು ಬರುವುದರಿಂದ, ಮೊದಲ ಹತ್ತಾರು ಅಡಿಗಳನ್ನು ಹುಡುಕಿದ ಮೇಲೆಯೇ ಮುಂದಕ್ಕೆ ಕಾಲಿಡಿ. ಸಾಲಿನಲ್ಲಿ ನಿಂತಾಗ ಎಲ್ಲರೂ ಒಂದೇ ಕೋನದಲ್ಲಿ, ಸರಿಸುಮಾರು ಒಂದೇ ಲಯದಲ್ಲಿ ಬೀಸಿದರೆ ದಾರಗಳು ತೊಡರುವುದಿಲ್ಲ. ಯಾರಾದರೂ ‘ಫಿಶ್ ಆನ್’ ಎಂದು ಕೂಗಿದರೆ ಕೆಳಗಿನವರು ತಮ್ಮ ದಾರ ಸುತ್ತಿಕೊಂಡು ದಾರಿ ಬಿಡುವುದು ಅಲ್ಲಿನ ವಾಡಿಕೆ, ನೀವೂ ಬಿಡಿ.

ಸುರಕ್ಷತೆಯನ್ನು ಕೊನೆಯಲ್ಲಿ ಬರೆಯುತ್ತಿರುವುದರಿಂದ ಅದು ಚಿಕ್ಕ ವಿಷಯವೆಂದು ಭಾವಿಸಬೇಡಿ. ತುಂಗೆಯಲ್ಲಿ ಈಜು ಕಲಿತವರಿಗೆ ನೀರಿನ ಭಯ ಕಡಿಮೆ, ಆದರೆ 5 ಡಿಗ್ರಿ ಸೆಲ್ಸಿಯಸ್ ನೀರಿಗೆ ಬಿದ್ದಾಗ ಮೊದಲ ನಿಮಿಷದಲ್ಲಿ ಉಸಿರೇ ಹಿಡಿತಕ್ಕೆ ಬರುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಕೈಬೆರಳು ಮಾತು ಕೇಳುವುದಿಲ್ಲ. ಅಲ್ಲಿ ಈಜುವ ಜಾಣ್ಮೆ ಹೆಚ್ಚು ಉಪಯೋಗಕ್ಕೆ ಬಾರದು. ಎದೆಯವರೆಗಿನ ವೇಡರ್ (ನೀರು ಒಳಗೆ ಬಾರದ, ಪಾದವನ್ನೂ ಮುಚ್ಚುವ ಉಡುಪು) ಧರಿಸಿದರೆ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಬಿದ್ದಾಗ ಒಳಗೆ ನೀರು ತುಂಬುವುದನ್ನು ಅದು ತಡೆಯುತ್ತದೆ. ಒಂದು ಊರುಗೋಲಿರಲಿ, ಮೇಲೊಂದು ತೆಳ್ಳನೆಯ ಲೈಫ್ ಜಾಕೆಟ್ ಇರಲಿ. ತೊಡೆಯ ನಡುವಿಗಿಂತ ಆಳಕ್ಕೆ ಹೋಗಬೇಡಿ. ಬ್ಲೂಗ್ರಾಸ್ ದ್ವೀಪಕ್ಕೆ ಒಂದು ಕವಲನ್ನು ದಾಟಿ ಹೋಗಬೇಕು. ಬೆಳಗ್ಗೆ ಮೊಣಕಾಲವರೆಗೆ ಇದ್ದ ನೀರು ಮಧ್ಯಾಹ್ನಕ್ಕೆ ಏರಿ ಹಿಂದಿರುಗಲಾಗದೆ ಜನ ಸಿಕ್ಕಿಹಾಕಿಕೊಂಡ ಪ್ರಸಂಗಗಳುಂಟು. ದಾಟುವಾಗಲೇ ದಂಡೆಯ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ, ಅದು ಮುಳುಗತೊಡಗಿದರೆ ಮೀನು ಎಷ್ಟೇ ಕಚ್ಚುತ್ತಿರಲಿ ಹಿಂದಿರುಗಿ.

ಹೊಟ್ಟೆ ತುಂಬ ಮೊಟ್ಟೆಯಿರುವ ದೊಡ್ಡ ಹೆಣ್ಣು ಸಿಕ್ಕರೆ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ನದಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾನೂನಿನ ಮಿತಿಯೊಳಗೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಈರಿಯ ವಾಲೈ ಹಿಡಿಯುವ ಒಟ್ಟು ಮಿತಿಯನ್ನು ಸುತ್ತಲಿನ ರಾಜ್ಯಗಳೂ ಕೆನಡಾದ ಒಂಟಾರಿಯೋ ಪ್ರಾಂತವೂ ಗ್ರೇಟ್ ಲೇಕ್ಸ್ ಮೀನುಗಾರಿಕಾ ಆಯೋಗದ ಆಶ್ರಯದಲ್ಲಿ ಪ್ರತಿ ವರ್ಷ ಕೂತು ನಿರ್ಧರಿಸುತ್ತವೆ. ಮರಿಗಳು ಎಷ್ಟು ಉಳಿಯುತ್ತವೆ ಎಂಬುದು ತಾಯಿಮೀನುಗಳ ಸಂಖ್ಯೆಗಿಂತ ಆ ವಸಂತದ ಹವೆಯನ್ನೇ ಹೆಚ್ಚು ಅವಲಂಬಿಸಿದೆ; 2003, 2015, 2018ರಂಥ ವರ್ಷಗಳಲ್ಲಿ ಹುಟ್ಟಿದ ಮರಿಗಳು ಅಸಾಧಾರಣ ಸಂಖ್ಯೆಯಲ್ಲಿ ಉಳಿದದ್ದರಿಂದಲೇ ಇಂದಿನ ಸಮೃದ್ಧಿ. ಆದರೂ ನಾನು ಬಿಡುತ್ತೇನೆ. ಮೊಟ್ಟೆಯಿಟ್ಟು ಸಾಯುವ ಪೆಸಿಫಿಕ್ ಸಾಲ್ಮನ್‌ನಂತಲ್ಲ ವಾಲೈ, ಅದು ಮತ್ತೆ ಮತ್ತೆ ಬರುತ್ತದೆ. ಅಲ್ಲದೆ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು. 1970ರಲ್ಲಿ ಪಾದರಸ ಪತ್ತೆಯಾದ ಕಾರಣಕ್ಕೆ ಈರಿಯ ಪಶ್ಚಿಮ ಭಾಗದ ವಾಲೈ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಈಗ ಪರಿಸ್ಥಿತಿ ಬಹಳ ಸುಧಾರಿಸಿದ್ದರೂ, ಎಷ್ಟು ತಿನ್ನಬಹುದೆಂಬ ಸೂಚನೆಯನ್ನು ರಾಜ್ಯ ಸರ್ಕಾರ ಪ್ರಕಟಿಸುತ್ತದೆ, ಮನೆಯಲ್ಲಿ ಗರ್ಭಿಣಿಯರು ಅಥವಾ ಮಕ್ಕಳಿದ್ದರೆ ಅದನ್ನು ತಪ್ಪದೆ ನೋಡಿ. ಅಡುಗೆಗೆ 16ರಿಂದ 19 ಅಂಗುಲದ ಗಂಡುಗಳೇ ಚೆನ್ನ: ಬಿಳಿಯ, ಗಟ್ಟಿಯಾದ, ಕೊಬ್ಬು ಕಡಿಮೆಯ ಮಾಂಸ, ಖಾರ ಸವರಿ ರವೆಯಲ್ಲಿ ಹೊರಳಿಸಿ ಹುರಿಯಲು ಹೇಳಿ ಮಾಡಿಸಿದಂಥದ್ದು. ಗಾಳ ಬಿಡಿಸುವಾಗ ಬೆನ್ನಿನ ಮುಳ್ಳುಗಳ ಬಗ್ಗೆ ಮಾತ್ರವಲ್ಲ, ಕಿವಿರಿನ ಮುಚ್ಚಳದ ಅಂಚಿನ ಬಗ್ಗೆಯೂ ಎಚ್ಚರವಿರಲಿ, ಅದು ಬೆರಳು ಕೊಯ್ಯುವಷ್ಟು ಹರಿತ.

ಜನಜಂಗುಳಿ ಸಹಿಸಲಾಗದಿದ್ದರೆ ನಿಮಗೆ ಎರಡು ಬೇರೆ ದಾರಿಗಳಿವೆ. ಸ್ಯಾಂಡಸ್ಕಿ ನದಿಯ ಫ್ರೀಮಾಂಟ್ ಪಟ್ಟಣದ ಬಳಿ ಏರಿಕೆ ಮಾಮೀಯಷ್ಟು ದೊಡ್ಡದಲ್ಲ, ಆದರೆ 2018ರಲ್ಲಿ ಅಲ್ಲಿನ ಬಾಲ್‌ವಿಲ್ ಅಣೆಕಟ್ಟನ್ನು ತೆಗೆದುಹಾಕಿದ ಮೇಲೆ ಮೀನಿಗೆ ಮೇಲಿನ ಹರಳುಕಲ್ಲಿನ ಜಾಗಗಳೂ ತೆರೆದುಕೊಂಡಿವೆ. ಇನ್ನೊಂದು ನಿಮ್ಮ ಮನೆ ಬಾಗಿಲಿನ ಡೆಟ್ರಾಯಿಟ್ ನದಿ. ಅಲ್ಲಿ ದೋಣಿ ಬೇಕು, ಹರಿವಿನೊಂದಿಗೆ ದೋಣಿಯನ್ನು ಸಾಗಿಸುತ್ತಾ ದಾರವನ್ನು ನೇರ ಕೆಳಕ್ಕೆ ಬಿಟ್ಟು ಭಾರದ ಜಿಗ್‌ನಿಂದ ತಳ ತಟ್ಟುವ ಬೇರೆಯದೇ ವಿಧಾನ ಅದು, ಅಮೆರಿಕದ ಬದಿಯ ನೀರಿನಲ್ಲಿ ನಿಮ್ಮ ಮಿಶಿಗನ್ ಲೈಸೆನ್ಸ್‌ನಲ್ಲಿಯೇ ನಡೆಯುತ್ತದೆ. ಮೊದಲ ಸಲ ಬಾಡಿಗೆಗೆ ಗೈಡ್ ಒಬ್ಬರನ್ನು ಕರೆದುಕೊಂಡು ಹೋಗಿ, ಹಡಗುಗಳು ಓಡಾಡುವ ನೀರು ಅದು.